‘ಬೆಸ್ಟ್ ಮೆಕ್ಸಿಕನ್ ಯಾವುದು?’ ಅಂತ ಕೇಳೋದು ನಿಲ್ಸಿ

1/10

ಈ ವಾರ ಇದು ಆರನೇ ಮೆಸೇಜು: “ಅಕ್ಕಾ, ಲಾಸ್ ಏಂಜಲೀಸ್‌ಗೆ ಬಂದಿಳಿದ್ವಿ. ಬೆಸ್ಟ್ ಮೆಕ್ಸಿಕನ್ ರೆಸ್ಟೋರೆಂಟ್ ಒಂದು ಹೇಳಿ. ರೇಟಿಂಗ್ 4.5ರ ಮೇಲಿರ್ಲಿ. ಚೀಪಾಗಿರ್ಲಿ.”

ಹೇಳಲ್ಲ. ಸಿಟ್ಟಾಗ್ಬೇಡಿ. ಯಾಕೆ ಹೇಳಲ್ಲ ಅಂತ ಹತ್ತು ಪೋಸ್ಟ್‌ನಲ್ಲಿ ಬರೀತೀನಿ. ಹತ್ತೂ ಓದಿದ್ಮೇಲೆ ನನ್ನ ಕೇಳೋ ಅಗತ್ಯ ನಿಮಗೇ ಇರಲ್ಲ.

ಮೊದಲು ಒಂದು ಪ್ರಶ್ನೆ. ಇಲ್ಲಿನ ಕ್ಲಾಸ್‌ಮೇಟ್ ಒಬ್ಬ ಬಂದು “ಬೆಸ್ಟ್ ಇಂಡಿಯನ್ ಫುಡ್ ಎಲ್ಲಿ ಸಿಗುತ್ತೆ?” ಅಂದ್ರೆ ನೀವೇನ್ಮಾಡ್ತೀರಿ? ನಗ್ತೀರಿ. “ಇಂಡಿಯನ್ ಅಂದ್ರೆ ಯಾವ ಇಂಡಿಯನ್ ಮಾರಾಯಾ?” ಅಂತೀರಿ. ಅವನು “ಕರಿ” ಅಂದುಬಿಟ್ರೆ ಮುಗೀತು, ಆವತ್ತು ರಾತ್ರಿ ಗ್ರೂಪ್‌ನಲ್ಲಿ ಅವನದ್ದೇ ಮೀಮು.

ದಾವಣಗೆರೆಯವಳು ನಾನು. ನಮ್ಮೂರಲ್ಲಿ ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿದೆ ಅಂತ ಯಾರೂ ಫೋನ್ ತೆಗೆದು ಸ್ಟಾರ್ ನೋಡಲ್ಲ. “ಬೆಳಿಗ್ಗೆನಾ, ಸಂಜೆನಾ? ಖಾಲಿ ದೋಸೆನಾ, ಬೆಣ್ಣೆ ದೋಸೆನಾ? ಸಂಜೆ ಆದ್ರೆ ದೋಸೆ ಯಾಕೆ, ಮಂಡಕ್ಕಿ ಮಿರ್ಚಿಗೆ ನಡೀರಿ” ಅಂತಾರೆ. ನಮ್ಮಪ್ಪ ಒಂದು ಹೋಟೆಲ್ ಹೇಳಿದ್ರೆ ನಮ್ಮ ಚಿಕ್ಕಪ್ಪ ಇನ್ನೊಂದು ಹೇಳ್ತಾರೆ, ಅರ್ಧ ಗಂಟೆ ಜಗಳ. ಆ ಜಗಳದಲ್ಲಿ ಇರೋ ಜ್ಞಾನ 4.5ರಲ್ಲಿ ಇರಲ್ಲ ಕಣ್ರೀ.

ಅಂದ್ರೆ ನಮ್ಮ ಊಟ ಹುಡುಕೋದು ಹೇಗೆ ಅಂತ ನಮಗೆ ಗೊತ್ತು. ಬೇರೆಯವರ ಊಟದ ವಿಷಯ ಬಂದಾಗ ಮಾತ್ರ ಬುದ್ಧಿನ ಆ್ಯಪ್ ಕೈಗೆ ಕೊಡ್ತೀವಿ. ನನ್ನ ತಕರಾರು ಇಷ್ಟೇ.

2/10

ತಪ್ಪೊಪ್ಪಿಗೆ ಮೊದಲು. ಈ ಫೋಟೋ ನನ್ನ ಮೊದಲ ಸೆಮಿಸ್ಟರಿನದು. ರಾತ್ರಿ ಹನ್ನೊಂದು, ಫುಟ್‌ಪಾತ್ ಮೇಲೆ ಟೆಂಟು, ಬಲ್ಬು, ಹೊಗೆ. ಪೇಪರ್ ತಟ್ಟೆಯಲ್ಲಿ ಮೂರು ಟಾಕೊ. ತಿಂದೆ, ರೂಮಿಗೆ ಬಂದೆ, ಮಲಗೋ ಮುಂಚೆ ರಿವ್ಯೂ ಬರೆದೆ: “ಕೂರೋಕೆ ಜಾಗ ಇಲ್ಲ. ಕಾರ್ಡ್ ತಗೊಳಲ್ಲ. ಇಂಗ್ಲಿಷ್ ಸರಿಯಾಗಿ ಬರಲ್ಲ. ಚಿಪ್ಸ್ ಕೊಡಲಿಲ್ಲ.” ಎರಡು ಸ್ಟಾರ್.

ರುಚಿ ಬಗ್ಗೆ ಒಂದು ಪದ ಇಲ್ಲ, ಗಮನಿಸಿ. ರುಚಿ ಅದ್ಭುತವಾಗಿತ್ತು. ಅದನ್ನ ಬರೆಯೋದು ನನಗೆ ಹೊಳೀಲೇ ಇಲ್ಲ.

ಎರಡು ತಿಂಗಳಾದ್ಮೇಲೆ ಊರಿಂದ ಫೋನ್. ನಮ್ಮ ಚಿಕ್ಕಮ್ಮ ಒಂದು ಸಣ್ಣ ಖಾನಾವಳಿ ನಡೆಸ್ತಾರೆ. ದಿನಾ ಜೋಳದ ರೊಟ್ಟಿ ಬಡಿದು ಬಡಿದು ಅಂಗೈ ಹಲಗೆ ಆಗಿದೆ. ಯಾರೋ ಬಂದವರು ಒಂದು ಸ್ಟಾರ್ ಹಾಕಿ ಹೋಗಿದ್ರು: “ಎಸಿ ಇಲ್ಲ. ಸ್ಪೂನ್ ಕೇಳಿದ್ರೆ ಮುಖ ನೋಡ್ತಾರೆ. ಹಿಂದಿ ಬರಲ್ಲ.” ಚಿಕ್ಕಮ್ಮನ ಮಗ ಓದಿ ಹೇಳಿದ್ನಂತೆ. ಚಿಕ್ಕಮ್ಮ ನನಗೆ ಕೇಳಿದ್ದು ಇಷ್ಟೇ: “ರೊಟ್ಟಿ ಹೆಂಗಿತ್ತು ಅಂತ ಏನೂ ಬರ್ದಿಲ್ಲೇನವ್ವಾ?”

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಒಂದು ಸ್ಟಾರ್ ಹಾಕಿದವನನ್ನ ಮನಸಲ್ಲೇ ನೂರು ಸಲ ಬೈದೆ. ಆಮೇಲೆ ನನ್ನದೇ ರಿವ್ಯೂ ನೆನಪಾಯ್ತು. ಎದ್ದು ಡಿಲೀಟ್ ಮಾಡಿದೆ.

ಸ್ಟಾರ್ ಏನನ್ನ ಅಳೆಯುತ್ತೆ ಗೊತ್ತಾ? ಪಾರ್ಕಿಂಗ್, ಕುರ್ಚಿ, ನಗುಮುಖ, ನಮ್ಮ ಭಾಷೆ ಅವರಿಗೆ ಬರುತ್ತಾ ಅನ್ನೋದು. ಬಂದವರಿಗೆ ಎಷ್ಟು ಆರಾಮಾಯ್ತು ಅನ್ನೋ ಲೆಕ್ಕ ಅದು. ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ ಅಂತ ನೋಡೋಕೆ ಆ್ಯಪ್ ಇಟ್ಕೊಳ್ಳಿ, ನಾನೂ ಇಟ್ಕೊಂಡಿದೀನಿ. ಅಡುಗೆ ಹೇಗಿದೆ ಅನ್ನೋ ತೀರ್ಪಿಗೆ ಮಾತ್ರ ಅದನ್ನ ಕೂರಿಸಬೇಡಿ.

3/10

ಹಾಗಾದ್ರೆ ಏನು ನೋಡ್ಬೇಕು? ಮೊದಲು ರೊಟ್ಟಿ ನೋಡಿ. ಟಾರ್ಟಿಲ್ಲಾ ಅಲ್ಲ, ಟೋರ್ಟಿಯಾ.

ಫೋಟೋದಲ್ಲಿರೋ ಬಿಳಿ ಪುಡಿ ಸುಣ್ಣ. ಹೌದು, ಎಲೆ ಅಡಿಕೆಗೆ ಹಾಕ್ತೀವಲ್ಲ, ಅದರದ್ದೇ ಜಾತಿ. ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲೇ ನೆನೆಯೋಕೆ ಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ತೆಗೆದು ರುಬ್ತಾರೆ. ಈ ಕಾಳಿಗೆ ನಿಸ್ತಮಾಲ್ ಅಂತ ಹೆಸರು, ರುಬ್ಬಿದ ಹಿಟ್ಟಿಗೆ ಮಾಸಾ ಅಂತ. ಸುಣ್ಣ ಕಾಣದ ಮೆಕ್ಕೆಜೋಳದ ಹಿಟ್ಟು ತಟ್ಟಿದ್ರೆ ಬಿರಿಯುತ್ತೆ, ನಮ್ಮಮ್ಮಂದಿರಿಗೆ ಗೊತ್ತು. ಸುಣ್ಣ ಕಂಡ ಹಿಟ್ಟು ಹಿಡ್ಕೊಳ್ಳುತ್ತೆ, ಮಡಚಿದ್ರೂ ಹರಿಯಲ್ಲ.

ಅಷ್ಟೇ ಅಲ್ಲ. ಮೆಕ್ಕೆಜೋಳದಲ್ಲಿರೋ ನಯಾಸಿನ್ ಅನ್ನೋ ಬಿ ವಿಟಮಿನ್ ನಮ್ಮ ಮೈಗೆ ದಕ್ಕೋದು ಈ ಸುಣ್ಣದ ಸಂಸ್ಕಾರದಿಂದ. ಯುರೋಪಿನವರು ಮೆಕ್ಕೆಜೋಳ ಮಾತ್ರ ಹೊತ್ಕೊಂಡು ಹೋದ್ರು, ಸುಣ್ಣದ ವಿದ್ಯೆ ಬಿಟ್ಟು ಹೋದ್ರು. ಅದನ್ನೇ ತಿಂದು ಬದುಕಿದ ಇಟಲಿಯ ಬಡವರಿಗೆ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಿಗೆ ಪೆಲಾಗ್ರಾ ಅನ್ನೋ ಕಾಯಿಲೆ ಬಂತು, ಸಾವಿರಾರು ಜನ ಸತ್ತರು. ಧಾನ್ಯ ಒಯ್ದರು, ಆ ಧಾನ್ಯ ಬೆಳೆಸಿದವರನ್ನ ಕೇಳಲಿಲ್ಲ.

ದಾವಣಗೆರೆ, ಹಾವೇರಿ ಕಡೆಯ ನನ್ನ ಕ್ಲಾಸ್‌ಮೇಟ್ಸ್, ನಮ್ಮ ಹೊಲಗಳ ತುಂಬ ಮೆಕ್ಕೆಜೋಳ ಇದೆ. ಬಹುಪಾಲು ಕೋಳಿ ಫೀಡಿಗೆ ಹೋಗುತ್ತೆ. ಅದೇ ಕಾಳಿಂದ ಒಂದು ನಾಗರಿಕತೆ ಊಟ ಕಟ್ಟಿದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೆ, ನಾಚಿಕೆ ಆಯ್ತು.

ಅಂಗಡಿಗೆ ಹೋದಾಗ ನೋಡಿ: ಯಾರಾದ್ರೂ ಉಂಡೆ ಹಿಡಿದು ಒತ್ತುತ್ತಿದಾರಾ? ಹಂಚಿನ ಮೇಲೆ ಉಬ್ಬುತ್ತಾ? ಹೊಸದಾಗಿ ಸುಣ್ಣ ಬಳಿದ ಗೋಡೆಯ ಸಣ್ಣ ವಾಸನೆ ಇದೆಯಾ? ಬೋರ್ಡಲ್ಲಿ “ಎಚಾಸ್ ಆ ಮಾನೊ”, ಅಂದ್ರೆ ಕೈಯಲ್ಲಿ ಮಾಡಿದ್ದು, ಅಂತ ಇದ್ರೆ ಒಳಗೆ ನಡೀರಿ.

4/10

ಎರಡನೇದು: “ಮೆಕ್ಸಿಕನ್” ಅನ್ನೋದು ಒಂದು ಊಟ ಅಲ್ಲ, ಒಂದು ದೇಶ. ಸಾವಜಿ ಊಟ, ಕೊಡವರ ಪಂದಿ ಕರಿ, ಮಂಗಳೂರಿನ ಕೋರಿ ರೊಟ್ಟಿ ಮೂರನ್ನೂ ಒಂದೇ ತಟ್ಟೇಲಿ ಕಲಸಿ “ಕರ್ನಾಟಕ ಊಟ” ಅಂದ್ರೆ ಒಪ್ತೀರಾ?

“ಬೆಸ್ಟ್ ಮೆಕ್ಸಿಕನ್” ಬಿಟ್ಟು “ಯಾವ ಸೀಮೆ” ಅಂತ ಹುಡುಕಿ. ಇಲ್ಲೇ ಈ ಊರಲ್ಲೇ ತೋರಿಸ್ತೀನಿ, ಒಂದೊಂದೇ ಸ್ಲೈಡ್ ಸರಿಸಿ.

ವಾಹಾಕಾ ಸೀಮೆ: ಕೊರಿಯಾಟೌನಿನ ಗೆಲಗೆತ್ಸಾ. 1994ರಿಂದ ಒಂದೇ ಕುಟುಂಬದ್ದು. ಮೋಲೆ ನೆಗ್ರೊ ಅಂತ ಕಪ್ಪು ಗೊಜ್ಜು: ಸುಟ್ಟ ಒಣಮೆಣಸಿನಕಾಯಿ, ಎಳ್ಳು, ಬೀಜಗಳು, ಮಸಾಲೆ, ಒಂಚೂರು ಚಾಕೊಲೇಟ್. 2015ರಲ್ಲಿ ಜೇಮ್ಸ್ ಬಿಯರ್ಡ್ ಫೌಂಡೇಶನ್ ಇವರಿಗೆ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವ ಕೊಡ್ತು.

ಯುಕತಾನ್ ಸೀಮೆ: ಮೆರ್ಕಾದೊ ಲಾ ಪಲೋಮಾ ಮಾರ್ಕೆಟ್ ಒಳಗಿನ ಚಿಚೆನ್ ಇತ್ಸಾ. ಕೊಚಿನೀತಾ ಪಿಬಿಲ್: ಅಚಿಯೋತೆ ಬೀಜದ ಕೆಂಪು ಮಸಾಲೆ, ಹುಳಿ ಕಿತ್ತಳೆ ರಸ ಹಚ್ಚಿ, ಬಾಳೆ ಎಲೆ ಸುತ್ತಿ ಬೇಯಿಸಿದ ಹಂದಿ ಮಾಂಸ. ಬಾಳೆ ಎಲೆ ಬಿಚ್ಚಿದಾಗ ಬರೋ ಘಮ ನಿಮ್ಮನ್ನ ಸೀದಾ ಊರಿಗೆ ಕಳಿಸುತ್ತೆ.

ಸೊನೋರಾ ಸೀಮೆ: ಡೌನ್‌ಟೌನಿನ ಸೊನೋರಾಟೌನ್. ಇಲ್ಲಿ ಟೋರ್ಟಿಯಾ ಗೋಧಿದು! “ಗೋಧಿ ಟೋರ್ಟಿಯಾ ಅಂದ್ರೆ ಡೂಪ್ಲಿಕೇಟು” ಅಂತ ಗ್ರೂಪ್‌ನಲ್ಲಿ ಬರೆದ ಮಹಾನುಭಾವರೇ, ಸೊನೋರಾ ಗೋಧಿ ಬೆಳೆಯೋ ನಾಡು. ಅವರ ರೊಟ್ಟಿ ತೆಳ್ಳಗೆ, ಬೆಳಕಿಗೆ ಹಿಡಿದ್ರೆ ಆಚೆ ಕಾಣೋ ಹಾಗೆ.

ಹಲಿಸ್ಕೊ ಸೀಮೆ: ಬಾಯ್ಲ್ ಹೈಟ್ಸ್‌ನಲ್ಲಿ ಒಲಿಂಪಿಕ್ ಬುಲೆವಾರ್ಡ್ ಪಕ್ಕ ನಿಲ್ಲೋ ಮರಿಸ್ಕೋಸ್ ಹಲಿಸ್ಕೊ ಟ್ರಕ್. ಸಿಗಡಿ ತುಂಬಿ ಕರಿದ ಟಾಕೊ, ಮೇಲೆ ತೆಳು ಟೊಮೆಟೊ ಸಾಲ್ಸಾ.

ನಾಲ್ಕು ಊಟ, ನಾಲ್ಕು ನಾಡು. ಇದರಲ್ಲಿ “ಬೆಸ್ಟ್” ಯಾವುದು ಅಂತ ಕೇಳೋದು ಇಡ್ಲಿ ಮೇಲೋ ಮುದ್ದೆ ಮೇಲೋ ಅಂತ ಕೇಳಿದ ಹಾಗೆ.

5/10

ಮೂರನೇದು: ಬೋರ್ಡ್ ಎಷ್ಟು ಉದ್ದ ಇದೆ ನೋಡಿ.

ನೂರಿಪ್ಪತ್ತು ಐಟಂ ಇರೋ ಮೆನು ಕಂಡ್ರೆ ನನಗೆ ಭಯ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಲ್ಲಿ “ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್” ಅಂತ ಬೋರ್ಡ್ ಇರುತ್ತಲ್ಲ, ಅಲ್ಲಿ ದೋಸೆ ಹೇಗಿರುತ್ತೆ ನಿಮಗೆ ಗೊತ್ತು. ಅದೇ ಲೆಕ್ಕ ಇಲ್ಲೂ.

ಒಂದೇ ಕೆಲಸ ಮಾಡೋರನ್ನ ಹುಡುಕಿ. ಮಿಚೋವಾಕಾನ್ ಸೀಮೆಯ ಕಾರ್ನೀತಾಸ್, ಅಂದ್ರೆ ಹಂದಿ ಮಾಂಸನ ಅದರದೇ ಕೊಬ್ಬಲ್ಲಿ ನಿಧಾನಕ್ಕೆ ಬೇಯಿಸಿದ್ದು, ಮಾಡೋರು ಅದನ್ನೇ ಮಾಡ್ತಾರೆ. ಹಲಿಸ್ಕೊ ಕಡೆಯ ಬಿರಿಯಾ ಮೂಲತಃ ಮೇಕೆ ಮಾಂಸದ್ದು. ರೀಲ್ಸಲ್ಲಿ ನೀವು ನೋಡೋ ಚೀಸ್ ಎಳೆಯೋ ಕೆಂಪು ಟಾಕೊ ಇದೆಯಲ್ಲ, ಅದು ತಿಹುವಾನಾ ಕಡೆಯ ದನದ ಬಿರಿಯಾ ಬೆಳೆದು ಬಂದ ದಾರಿ. ಗ್ರೂಪ್‌ನಲ್ಲಿ ಏನು ತಿನ್ನೋರು, ಏನು ತಿನ್ನದೋರು ಇದ್ದಾರೆ ನೋಡಿ ಮೊದಲೇ ಕೇಳ್ಕೊಳ್ಳಿ.

ದಿನ, ಹೊತ್ತು ನೋಡಿ. ಬಾರ್ಬಕೋವಾ, ಮೆನೂದೊ ಇಂಥವು ಎಷ್ಟೋ ಕಡೆ ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ. ಹನ್ನೆರಡಕ್ಕೆ ಎದ್ದು ಹೋಗಿ “ಖಾಲಿ ಆಗಿದೆ, ವೇಸ್ಟ್ ಪ್ಲೇಸ್” ಅಂತ ಬರೀಬೇಡಿ. ಖಾಲಿ ಆಗಿದ್ದು ಅವರ ತಪ್ಪಲ್ಲ, ನಿಮ್ಮ ಅಲಾರ್ಮಿನ ತಪ್ಪು. ಉಲ್ಟಾ, ಅಲ್ ಪಾಸ್ತೋರ್ ರಾತ್ರಿ ಆಟ. ತ್ರೊಂಪೊ ಅಂತ ನೆಟ್ಟಗೆ ನಿಂತು ತಿರುಗೋ ಮಾಂಸದ ಗೋಪುರ, ತುದೀಲಿ ಅನಾನಸ್. ಸಂಜೆ ಮೇಲೆ ಜನ ಜಾಸ್ತಿ ಇದ್ದಾಗ ಹೋಗಿ, ಆಗ ಬೆಂಕಿ ಮುಂದೆ ಆಗಷ್ಟೇ ಕೆಂಪಾದ ಪದರ ಕೊಯ್ದು ಹಾಕ್ತಾರೆ. ಲಾ ಬ್ರೇಯಾ, ವೆನಿಸ್ ರಸ್ತೆಗಳು ಸೇರೋ ಮೂಲೆಯಲ್ಲಿ ಲಿಯೋಸ್ ಟಾಕೋಸ್ ಟ್ರಕ್ ಮುಂದೆ ನಿಂತು ನೋಡಿ, ಅರ್ಥ ಆಗುತ್ತೆ.

“ಕುರ್ಚಿ ಇಲ್ಲ” ಅನ್ನೋರಿಗೆ ಒಂದು ಸುದ್ದಿ: 2024ರಲ್ಲಿ ಮಿಶೆಲಿನ್ ಸ್ಟಾರ್ ಸಿಕ್ಕಿದ್ದು ಮೆಕ್ಸಿಕೋ ಸಿಟಿಯ ಎಲ್ ಕಲೀಫಾ ದೆ ಲಿಯೋನ್ ಅನ್ನೋ ಪುಟ್ಟ ಟಾಕೊ ಅಂಗಡಿಗೆ. 1968ರಿಂದ ಇದೆ. ಬೆರಳೆಣಿಕೆಯ ಟಾಕೊ ಬಿಟ್ರೆ ಬೇರೇನಿಲ್ಲ. ನಿಂತ್ಕೊಂಡೇ ತಿನ್ಬೇಕು.

6/10

ಈಗ ವೆಜ್ ಗೆಳೆಯರಿಗೆ. “ನಮಗೇನಿದೆ, ಬೀನ್ಸ್ ಬುರಿಟೊ ಒಂದೇ” ಅಂತ ಗೋಳಾಡ್ತೀರಲ್ಲ, ನಿಮ್ಮ ಗೋಳಿನಲ್ಲಿ ಎರಡು ತಪ್ಪು ಇದೆ.

ಮೊದಲನೇ ತಪ್ಪು: ಆ ಬೀನ್ಸ್ ಎಷ್ಟೋ ಕಡೆ ವೆಜ್ಜೇ ಅಲ್ಲ. ಬೀನ್ಸ್ ಅರೆದು ಹುರಿಯೋಕೆ ಹಂದಿ ಕೊಬ್ಬು ಹಾಕೋದು ಹಳೇ ಪದ್ಧತಿ. ಅನ್ನಕ್ಕೆ ಕೋಳಿ ಸಾರು ಹಾಕಿರ್ತಾರೆ. ತಮಾಲೆ ಹಿಟ್ಟಿಗೂ ಕೊಬ್ಬು. ಅವರು ಮೋಸ ಮಾಡ್ತಿಲ್ಲ, ಅವರ ಅಡುಗೆ ಹಾಗೆ. ಕೇಳೋದು ನಮ್ಮ ಕೆಲಸ. ಎರಡು ಪ್ರಶ್ನೆ ಬಾಯಿಪಾಠ ಮಾಡಿ: “ಯೇವಾ ಮಾಂತೇಕಾ?” ಅಂದ್ರೆ ಕೊಬ್ಬು ಹಾಕಿದೀರಾ. “ಯೇವಾ ಕಾಲ್ದೊ ದೆ ಪೋಯೊ?” ಅಂದ್ರೆ ಕೋಳಿ ಸಾರು ಹಾಕಿದೀರಾ. ನಗುತ್ತಾ ಕೇಳಿ, ಮುಖ ಸಿಂಡರಿಸಬೇಡಿ. “ಛೀ” ಅನ್ನೋ ಮುಖಕ್ಕೆ ಸಬ್‌ಟೈಟಲ್ ಬೇಕಾಗಲ್ಲ, ಎಲ್ಲ ಭಾಷೆಯವರಿಗೂ ಅರ್ಥ ಆಗುತ್ತೆ.

ಎರಡನೇ ತಪ್ಪು: ನಿಮಗೆ ಇರೋದನ್ನ ನೀವು ನೋಡೇ ಇಲ್ಲ. ನೊಪಾಲೆಸ್ ಅಂದ್ರೆ ಪಾಪಸ್‌ಕಳ್ಳಿ ಎಲೆ, ಮುಳ್ಳು ತೆಗೆದು ಸುಟ್ಟಿದ್ದು. ನಮ್ಮ ಬೇಲಿಯಲ್ಲಿ ಬೆಳೆಯೋದೂ ಅದೇ ಕುಲದ ಗಿಡ, ಅಲ್ಲಿಂದ ಬಂದಿದ್ದು. ಫ್ಲೋರ್ ದೆ ಕಲಬಾಸಾ ಅಂದ್ರೆ ಕುಂಬಳ ಜಾತಿಯ ಹೂವು. ರಾಹಾಸ್ ಅಂದ್ರೆ ಪೊಬ್ಲಾನೊ ಮೆಣಸಿನಕಾಯಿ ಸುಟ್ಟು ಸೀಳಿ, ಕೆನೆ ಹಾಕಿದ್ದು. ವಿಟ್ಲಕೋಚೆ ಅಂದ್ರೆ ಮೆಕ್ಕೆಜೋಳದ ತೆನೆ ಮೇಲೆ ಬೆಳೆಯೋ ಕಪ್ಪು ಶಿಲೀಂಧ್ರ. ನಮ್ಮಲ್ಲಿ ಅದು ರೋಗ ಅಂತ ಕಿತ್ತು ಎಸೀತಾರೆ, ಅಲ್ಲಿ ಅದು ಅಪರೂಪದ ರುಚಿ. ತ್ಲಕೋಯೊ ಅಂದ್ರೆ ಒಳಗೆ ಕಾಳಿನ ಹೂರಣ ಇಟ್ಟು ತಟ್ಟಿದ ದಪ್ಪ ರೊಟ್ಟಿ. ಒಂಥರಾ ಖಾರದ ಹೋಳಿಗೆ!

ಒಂದೇ ಹಂಚಲ್ಲಿ ಮಾಂಸನೂ ಬೇಯುತ್ತೆ ಅನ್ನೋದು ಮಾತ್ರ ನಿಜ. ನಿಮ್ಮ ನಿಯಮ ಬಿಗಿ ಇದ್ರೆ ಸಸ್ಯಾಹಾರಿ ಮೆಕ್ಸಿಕನ್ ಅಡುಗೆ ಮಾಡೋರನ್ನೇ ಹುಡುಕಿ. ಈ ಊರಲ್ಲಿ ಇದ್ದಾರೆ. ಆದ್ರೆ ಟಾಕೊ ಅಂಗಡಿಗೆ ಹೋಗಿ “ಬೇರೆ ಹಂಚಿಡಿ” ಅಂತ ಜಗಳ ಆಡಿ ಒಂದು ಸ್ಟಾರ್ ಒತ್ತಿ ಬರಬೇಡಿ.

7/10

ಈಗ ನನಗೆ ನಿಜವಾಗಿ ಸಿಟ್ಟು ಬರಿಸೋ ಪದ: “ಚೀಪ್”.

ಕಳೆದ ತಿಂಗಳು ಕ್ಲಾಸಿನವರ ಜೊತೆ ಒಂದು ಇಟಾಲಿಯನ್ ಜಾಗಕ್ಕೆ ಹೋಗಿದ್ವಿ. ಪಾಸ್ತಾ ತಟ್ಟೆಗೆ 24 ಡಾಲರ್. ಯಾರೂ ಕೆಮ್ಮಲಿಲ್ಲ. ಮುಂದಿನ ವಾರ ಮೋಲೆ ತಟ್ಟೆಗೆ 22 ಡಾಲರ್ ಅಂದಾಗ ಅದೇ ಟೇಬಲ್, ಅದೇ ಮುಖಗಳು: “ಮೆಕ್ಸಿಕನ್‌ಗೆ ಇಷ್ಟಾ?!”

ಯಾಕ್ರಪ್ಪಾ? ಪಾಸ್ತಾ ಹಿಟ್ಟು, ಮೊಟ್ಟೆ. ಮೋಲೆಗೆ 20ಕ್ಕೂ ಹೆಚ್ಚು ಸಾಮಾನು, ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಒಣಮೆಣಸಿನಕಾಯಿ ಸುಡುವಾಗ ಮನೆಯೆಲ್ಲ ಘಾಟು, ರುಬ್ಬಬೇಕು, ಗಂಟೆಗಟ್ಟಲೆ ಕುದಿಸಬೇಕು. ಕೆಲಸ ಎಲ್ಲಿ ಜಾಸ್ತಿ?

ಕೃಷ್ಣೇಂದು ರೇ ಅನ್ನೋ ವಿದ್ವಾಂಸರು ‘ದಿ ಎಥ್ನಿಕ್ ರೆಸ್ಟೊರೇಟರ್’ ಅನ್ನೋ ಪುಸ್ತಕದಲ್ಲಿ (2016) ಇದನ್ನೇ ಬಿಡಿಸಿ ತೋರಿಸಿದ್ದಾರೆ: ಒಂದು ಅಡುಗೆಗೆ ಅಮೆರಿಕದಲ್ಲಿ ಎಷ್ಟು ಬೆಲೆ ಸಿಗುತ್ತೆ ಅನ್ನೋದು, ಆ ಅಡುಗೆ ತಂದ ಜನರ ಸ್ಥಾನಮಾನದ ಜೊತೆ ಏರುತ್ತೆ, ಇಳಿಯುತ್ತೆ. ಒಂದು ಕಾಲಕ್ಕೆ ಇಟಲಿಯಿಂದ ಬಂದವರ ಊಟನೂ ಬಡವರ ಊಟ ಅಂತಲೇ ಲೆಕ್ಕ. ಅವರು ಮೇಲೆ ಬಂದ್ರು, ಪಾಸ್ತಾನೂ ಮೇಲೆ ಬಂತು. ಮೆಕ್ಸಿಕನ್ ಊಟ, ನಮ್ಮ ಊಟ ಇನ್ನೂ ಕೆಳಗೇ ಇವೆ.

ಅಂದ್ರೆ “ಮೆಕ್ಸಿಕನ್ ಚೀಪಾಗಿರ್ಬೇಕು” ಅನ್ನೋದು ರುಚಿಯ ಮಾತಲ್ಲ. ಅದನ್ನ ಮಾಡೋ ಕೈಗಳು ಚೀಪಾಗಿರ್ಬೇಕು ಅನ್ನೋ ಮಾತು. ನಾಳೆ ಯಾರೋ “ದೋಸೆಗೆ ಇಷ್ಟಾ? ಬರೀ ಅಕ್ಕಿ ಹಿಟ್ಟಲ್ವಾ” ಅಂದಾಗ ನಾವೇನು ಉತ್ತರ ಕೊಡ್ತೀವಿ?

ಸ್ಟೂಡೆಂಟ್ಸು ನಾವು, ದುಡ್ಡಿಲ್ಲ, ಒಪ್ತೀನಿ. ನನ್ನ ಅಕೌಂಟೂ ತಿಂಗಳ ಕೊನೇಲಿ ಒಣಗಿದ ಕೆರೆನೇ. ದುಡ್ಡಿಲ್ಲದಾಗ ಎರಡೇ ಟಾಕೊ ತಿನ್ನಿ, ಪೂರ್ತಿ ಬೆಲೆ ಕೊಡಿ, ಟಿಪ್ ಡಬ್ಬಕ್ಕೆ ಒಂದು ಡಾಲರ್ ಹಾಕಿ. ಚೌಕಾಸಿ ಮಾಡ್ಬೇಡಿ.

8/10

ಇಲ್ಲಿಯವರೆಗೆ ಓದಿ ಕೆಲವರು ಈಗಾಗಲೇ ಕಾಲರ್ ಎತ್ತಿದ್ದೀರಿ: “ನಾನು ಅಸಲಿ ಮೆಕ್ಸಿಕನ್ ಮಾತ್ರ ತಿನ್ನೋದು.” ನಿಮಗೂ ಇದೆ ಬನ್ನಿ.

“ಅಸಲಿ” ಅನ್ನೋದೂ ಸ್ಟಾರ್ ಥರದ್ದೇ ಇನ್ನೊಂದು ಸೋಮಾರಿತನ. ಅಲ್ ಪಾಸ್ತೋರ್ ಎಲ್ಲಿಂದ ಬಂತು? ಲೆಬನಾನ್ ಕಡೆಯಿಂದ ಮೆಕ್ಸಿಕೋಗೆ ವಲಸೆ ಹೋದವರ ಶವರ್ಮಾದಿಂದ. ಕುರಿ ಹೋಗಿ ಹಂದಿ ಬಂತು, ಮೆಣಸಿನ ಮಸಾಲೆ ಸೇರ್ತು, ಟೋರ್ಟಿಯಾ ಮೇಲೆ ಕೂತ್ಕೊಂಡ್ತು. ಈಗ ಅದಿಲ್ಲದೆ ಮೆಕ್ಸಿಕೋ ಸಿಟಿ ಇಲ್ಲ.

ಇನ್ನು ಗಟ್ಟಿ ಟಾಕೊ. ಕರಿದು ಬಗ್ಗಿಸಿದ ಟೋರ್ಟಿಯಾ, ಮೇಲೆ ಲೆಟಿಸ್ ಸೊಪ್ಪು, ಹಳದಿ ಚೀಸ್. “ಅದು ಮೆಕ್ಸಿಕನ್ನೇ ಅಲ್ಲ” ಅಂತ ನಗ್ತೀರಿ. ಸ್ಯಾನ್ ಬರ್ನಾರ್ಡಿನೊದಲ್ಲಿ ಹಳೇ ರೂಟ್ 66 ರಸ್ತೆ ಮೇಲೆ ಮಿತ್ಲಾ ಕೆಫೆ ಇದೆ, 1937ರಿಂದ. ಮೆಕ್ಸಿಕನ್ ಅಮೆರಿಕನ್ ಕುಟುಂಬದ್ದು. ಅವರು ಈ ಗಟ್ಟಿ ಟಾಕೊ ಮಾಡ್ತಿದ್ರು. ಎದುರುಗಡೆ ಗ್ಲೆನ್ ಬೆಲ್ ಅನ್ನೋ ಯುವಕ ಬರ್ಗರ್ ಅಂಗಡಿ ಇಟ್ಟಿದ್ದ. ಇಲ್ಲಿನ ಟಾಕೊ ಸಾಲು ನೋಡಿದ, ಬಂದು ತಿಂದ, ಮಾಡೋದು ಕಲಿತ. 1962ರಲ್ಲಿ ಡೌನಿ ಊರಲ್ಲಿ ಶುರು ಮಾಡಿದ ಅಂಗಡಿಗೆ ತನ್ನದೇ ಹೆಸರಿಟ್ಟ: ಟ್ಯಾಕೋ ಬೆಲ್. ಬೆಂಗಳೂರಿನ ಮಾಲ್‌ಗಳಲ್ಲಿ ನೀವು ಬರ್ತ್‌ಡೇ ಮಾಡ್ತೀರಲ್ಲ, ಅದೇ.

ಬೆಲ್ ಹೆಸರು ಪ್ರಪಂಚಕ್ಕೆಲ್ಲ ಗೊತ್ತು. ಮಿತ್ಲಾ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನೀವು “ಅಸಲಿ ಅಲ್ಲ” ಅಂತ ತಳ್ಳಿಬಿಟ್ರೆ, ಆ ಕುಟುಂಬದ ಕೆಲಸ ಎರಡನೇ ಸಲ ಅಳಿಸಿದ ಹಾಗೆ. ಅದಕ್ಕೆ ನಾನು ಅಸಲಿ, ನಕಲಿ ಅಂತ ಕೇಳಲ್ಲ. ಅಡುಗೆ ಮಾಡೋರಿಗೆ ತಾವು ಏನು ಮಾಡ್ತಿದೀವಿ, ಅದು ಎಲ್ಲಿಂದ ಬಂತು ಅಂತ ಗೊತ್ತಿದೆಯಾ? ಮೈಬಗ್ಗಿಸಿ ಮಾಡ್ತಿದಾರಾ? ಅಷ್ಟು ಸಾಕು.

ಗೋಬಿ ಮಂಚೂರಿ ತಿಂದು ಬೆಳೆದ ನಾವು ಅಸಲಿ ಬಗ್ಗೆ ಭಾಷಣ ಮಾಡೋದು ಚೆನ್ನಾಗಿರಲ್ಲ. ಮೆಣಸಿನಕಾಯಿ, ಟೊಮೆಟೊ ಎರಡೂ ಆ ಕಡೆಯ ನೆಲದಿಂದ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿ ಪೋರ್ಚುಗೀಸರ ಹಡಗಲ್ಲಿ ಬಂದವಳು. ಪರಂಗಿ ಹಣ್ಣಂತೂ ಹೆಸರಲ್ಲೇ ಒಪ್ಕೊಂಡಿದೆ.

9/10

ಈ ಫೋಟೋದಲ್ಲಿ ಮುಖಗಳಿಲ್ಲ. ಬೇಕಂತಲೇ. ಕೈ, ಹಂಚು, ಹಿಟ್ಟು ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಫುಟ್‌ಪಾತ್ ಮೇಲೆ ಮಾರೋರನ್ನ ಅಪರಾಧಿಗಳ ಥರ ನೋಡೋ ಕಾಲ ಇತ್ತು. 2018ರಲ್ಲಿ ಎಸ್‌ಬಿ 946 ಅನ್ನೋ ಕಾನೂನು ಬಂತು. 2019ರ ಜನವರಿಯಿಂದ ಬೀದಿ ವ್ಯಾಪಾರ ಕ್ರಿಮಿನಲ್ ಅಪರಾಧ ಅಲ್ಲ. ಬೀದಿ ವ್ಯಾಪಾರಿಗಳೇ ಸಂಘಟನೆ ಮಾಡಿ ವರ್ಷಗಟ್ಟಲೆ ಹೋರಾಡಿದ್ರಿಂದ ಸಿಕ್ಕಿದ್ದು ಅದು. ಲೈಸೆನ್ಸು, ಗಾಡಿಯ ಅಳತೆ, ತೊಟ್ಟಿ, ಶುಲ್ಕ ಅಂತ ತಲೆನೋವು ಆಮೇಲೂ ಉಳೀತು.

2025ರ ಜೂನ್‌ನಲ್ಲಿ ಈ ಊರಲ್ಲಿ ವಲಸೆ ಅಧಿಕಾರಿಗಳ ದಾಳಿ ಜೋರಾದಾಗ ಎಷ್ಟೋ ವ್ಯಾಪಾರಿಗಳು ಗಾಡಿ ಹೊರಗೆ ತೆಗೀಲಿಲ್ಲ. ನಾನು ಶುಕ್ರವಾರ ರಾತ್ರಿ ತಿನ್ನೋ ಮೂಲೆ ಖಾಲಿ ಇತ್ತು. ವೀಸಾ ಅನ್ನೋ ಪದ ಕೇಳಿದ್ರೆ ಹೊಟ್ಟೇಲಿ ಏನಾಗುತ್ತೆ ಅಂತ ಇಲ್ಲಿರೋ ನಮಗೆಲ್ಲ ಗೊತ್ತು. ಇಮೇಲ್‌ನಲ್ಲಿ ಇಂಟರ್‌ನ್ಯಾಷನಲ್ ಆಫೀಸ್ ಹೆಸರು ಕಂಡ್ರೆ ಕೈ ನಡುಗುತ್ತೆ. ಗೊತ್ತಿದ್ದೂ ನಾವೇನ್ಮಾಡ್ತೀವಿ? ಅವರ ಮುಖಕ್ಕೆ ಕ್ಯಾಮೆರಾ ಹಿಡಿದು, ಲೊಕೇಶನ್ ಟ್ಯಾಗ್ ಹಾಕಿ, “ಹಿಡನ್ ಜೆಮ್” ಅಂತ ರೀಲ್ ಬಿಡ್ತೀವಿ.

ಯಾರ ಹತ್ರ ಯಾವ ಕಾಗದ ಇದೆ ಅನ್ನೋದು ತಟ್ಟೆ ಹಿಡಿದು ನಿಂತವರ ಕೆಲಸ ಅಲ್ಲ. ಕೇಳದೆ ಮುಖ ತೆಗೀದಿರೋದು ನಮ್ಮ ಕೆಲಸ. “ಫೋಟೋ ತೆಗೀಬಹುದಾ?” ಅಂತ ಕೇಳಿ. ಬೇಡ ಅಂದ್ರೆ ಬೇಡ. ಟ್ಯಾಗ್ ಹಾಕ್ಲಾ ಅಂತಲೂ ಕೇಳಿ, ಕೆಲವರಿಗೆ ಪ್ರಚಾರ ಬೇಕಿರುತ್ತೆ, ಕೆಲವರಿಗೆ ಬೇಡ. ನಿರ್ಧಾರ ಅವರದ್ದು, ನಿಮ್ಮ ಫಾಲೋವರ್ ಲೆಕ್ಕದ್ದಲ್ಲ.

“ಬೀದಿ ಊಟ, ಕ್ಲೀನ್ ಇರುತ್ತಾ?” ಅನ್ನೋರಿಗೆ: ಇಲ್ಲಿನ ಕೌಂಟಿ ಆರೋಗ್ಯ ಇಲಾಖೆ ಪರಿಶೀಲನೆ ಮಾಡಿ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತೆ. ಹೋಟೆಲ್ ಕಿಟಕೀಲಿ ಅಂಟಿಸಿರ್ತಾರೆ, ಟ್ರಕ್ ಮೇಲೂ ಇರುತ್ತೆ. ಅದು ನೋಡಿ. ಜೊತೆಗೆ ನಿಮ್ಮ ಕಣ್ಣಿದೆ: ಐಸ್ ಮೇಲೆ ಸಾಮಾನು ಇದೆಯಾ, ದುಡ್ಡು ಮುಟ್ಟಿದ ಕೈಯಲ್ಲೇ ಊಟ ಮುಟ್ತಾರಾ, ಜನ ಬಂದು ಹೋಗ್ತಾ ಇದಾರಾ. ಗಾಂಧಿ ಸರ್ಕಲ್‌ನಲ್ಲಿ ನಿಂತು ಮಿರ್ಚಿ ತಿಂದ ನಿಮಗೆ ಇದನ್ನ ನಾನು ಹೇಳಿಕೊಡಬೇಕಾ?

10/10

ಕೊನೇದು. ಹಾಗಾದ್ರೆ ಏನ್ಮಾಡ್ಬೇಕು?

ಜೊನಾಥನ್ ಗೋಲ್ಡ್ ಅಂತ ಒಬ್ಬರಿದ್ರು. ಊಟದ ಬಗ್ಗೆ ಬರೆದು 2007ರಲ್ಲಿ ಪುಲಿಟ್ಜರ್ ಪಡೆದವರು, ರೆಸ್ಟೋರೆಂಟ್ ವಿಮರ್ಶೆಗೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. 2018ರಲ್ಲಿ ತೀರಿಕೊಂಡ್ರು. ಇನ್ನೂ ಹುಡುಗರಾಗಿದ್ದಾಗ, 1980ರ ದಶಕದ ಶುರುವಿನಲ್ಲಿ, ಅವರು ಒಂದು ಹಠ ಹಿಡಿದ್ರು: ಪಿಕೊ ಬುಲೆವಾರ್ಡ್ ಅನ್ನೋ ಒಂದೇ ಉದ್ದ ರಸ್ತೆಯಲ್ಲಿ ಇರೋ ಅಂಗಡಿಗಳಲ್ಲೆಲ್ಲ ತಿನ್ನೋದು. “ಬೆಸ್ಟ್” ಹುಡುಕಲಿಲ್ಲ. ಒಂದು ರಸ್ತೆ ಓದಿದ್ರು.

ನೀವೂ ಒಂದು ರಸ್ತೆ ಹಿಡೀರಿ. ನಿಮ್ಮ ಬಸ್ ಹೋಗೋ ರಸ್ತೆನೇ ಸಾಕು. ಪಟ್ಟಿ ಸೇವ್ ಮಾಡ್ಕೊಳ್ಳಿ:

ಒಂದು: ಟೋರ್ಟಿಯಾ ಎಲ್ಲಿಂದ ಬರುತ್ತೆ ಕೇಳಿ.
ಎರಡು: “ದೆ ದೋಂದೆ ಸೋನ್?” ಅಂದ್ರೆ ನಿಮ್ಮದು ಯಾವ ಊರು ಅಂತ, ದಾಖಲೆ ಕೇಳೋರ ಥರ ಅಲ್ಲ, ಬಸ್ಸಲ್ಲಿ ಪಕ್ಕದಲ್ಲಿ ಕೂತೋರು ಕೇಳೋ ಥರ. ಮೊದಲು ನಿಮ್ಮೂರು ಹೇಳಿ. ಅವರಿಗೆ ಹೇಳೋ ಮನಸ್ಸಿಲ್ದಿದ್ರೆ ಬಿಡಿ.
ಮೂರು: ಆ ಊರಿನ ಅಡುಗೆ ಯಾವುದೋ ಅದನ್ನ ತಗೊಳ್ಳಿ, ನಿಮಗೆ ಗೊತ್ತಿರೋದನ್ನಲ್ಲ.
ನಾಲ್ಕು: ಅದು ಚೆನ್ನಾಗಿರೋ ದಿನ, ಹೊತ್ತು ಯಾವುದು ಕೇಳಿ, ಆಗಲೇ ಹೋಗಿ.
ಐದು: ಪೂರ್ತಿ ದುಡ್ಡು ಕೊಡಿ.
ಆರು: ಬರೆಯೋದಾದ್ರೆ ರುಚಿ ಬಗ್ಗೆ ಬರೀರಿ.

ಬೆಂಗಳೂರಲ್ಲಿರೋ ಕ್ಲಾಸ್‌ಮೇಟ್ಸ್, “ನಮಗೇನು ಉಪಯೋಗ” ಅನ್ಬೇಡಿ. ನಿಮ್ಮಲ್ಲೂ ಒಂದೆರಡು ಜಾಗ ಮೆಕ್ಕೆಜೋಳನ ಸುಣ್ಣದಲ್ಲಿ ಬೇಯಿಸೋಕೆ ಕೈಹಾಕಿದ್ರೆ ಅದೇ ಮೊದಲ ಪ್ರಶ್ನೆ ಕೇಳಿ ಒಳಗೆ ಹೋಗಿ. ಇಲ್ಲಾಂದ್ರೆ ನಿಮ್ಮ ಬೀದಿ ಕೊನೆಯ ಖಾನಾವಳೀಲಿ ರೊಟ್ಟಿ ಬಡಿಯೋ ಅಮ್ಮನಿಗೆ “ನಿಮ್ಮೂರು ಯಾವುದಮ್ಮಾ?” ಅಂತ ಕೇಳಿ. ಮುಂದಿನ ರೊಟ್ಟಿ ಬಿಸಿಬಿಸಿ ನಿಮ್ಮ ತಟ್ಟೆಗೇ ಬೀಳುತ್ತೆ.

ಆ ಎರಡು ಸ್ಟಾರಿನ ಟೆಂಟಿಗೆ ನಾನು ವಾಪಸ್ ಹೋದೆ. ಅಲ್ಲಿ ಟೋರ್ಟಿಯಾ ಒತ್ತೋ ಅಮ್ಮ ಪ್ವೆಬ್ಲಾ ಕಡೆಯವರು. ನನ್ನ ಮುರುಕು ಸ್ಪ್ಯಾನಿಷ್‌ನಲ್ಲಿ, ನನ್ನ ಚಿಕ್ಕಮ್ಮನೂ ರೊಟ್ಟಿ ಮಾಡ್ತಾರೆ ಅಂತ ಫೋನಲ್ಲಿ ವಿಡಿಯೋ ತೋರಿಸಿದೆ. ಎರಡು ಅಂಗೈ ನಡುವೆ ರೊಟ್ಟಿ ತಿರುಗಿಸೋದನ್ನ ಎರಡು ಸಲ ನೋಡಿದ್ರು. ಆಮೇಲೆ ತಮ್ಮ ಅಂಗೈ ತೋರಿಸಿದ್ರು. ಅದೂ ಹಲಗೆ.

ಈಗ ಹೊಸ ರಿವ್ಯೂ ಹಾಕಿದೀನಿ, ಅವರನ್ನ ಕೇಳಿಯೇ. ಮೊದಲ ಸಾಲು: “ರೊಟ್ಟಿ ಚೆನ್ನಾಗಿತ್ತು.”

ಕಾಮೆಂಟಲ್ಲಿ ಹೋಟೆಲ್ ಹೆಸರು ಹಾಕ್ಬೇಡಿ. ಯಾವ ಊರಿನ ಅಡುಗೆ, ಯಾವ ದಿನ, ರೊಟ್ಟಿ ಹೇಗಿತ್ತು, ಅಷ್ಟು ಬರೀರಿ. ಬೈಯೋದಿದ್ರೆ ಅದೂ ಬರೀರಿ, ಓದ್ತೀನಿ.

#ರೊಟ್ಟಿಹೇಗಿತ್ತು #ಸ್ಟಾರ್‌ಬೇಡರುಚಿಹೇಳಿ #ದಾವಣಗೆರೆಟುಎಲ್‌ಎ #ಕನ್ನಡಕ್ಯಾಪ್ಷನ್